ಹತ್ತು ಸಲ, ಮೂರು ಸರದಿ: ಒಂದು ಎಣಿಕೆಯ ಚರಿತ್ರೆ

ಮೊಣಕಾಲು ನೋವೆಂದೋ, ಭುಜ ಹಿಡಿದುಕೊಂಡಿದೆಯೆಂದೋ, ಮುರಿದ ಮೂಳೆ ಕೂಡಿದ ಮೇಲೂ ಕಾಲು ಸೊರಗಿದೆಯೆಂದೋ ಫಿಸಿಯೋಥೆರಪಿಸ್ಟರ ಬಳಿ ಹೋದವರಿಗೆ ಸಿಗುವ ಚೀಟಿಯಲ್ಲಿ ಸಾಮಾನ್ಯವಾಗಿ ಒಂದೇ ಲೆಕ್ಕ ಇರುತ್ತದೆ: ಹತ್ತು ಸಲ, ಮೂರು ಸರದಿ. ನಾವು ಆ ಚೀಟಿಯನ್ನು ಮನೆಗೆ ತಂದು ಗೋಡೆಗೆ ಸಿಕ್ಕಿಸುತ್ತೇವೆ, ನಾಲ್ಕು ದಿನ ಮಾಡುತ್ತೇವೆ, ಐದನೆಯ ದಿನ ಮರೆಯುತ್ತೇವೆ. ಯಾಕೆ ಹತ್ತು, ಎಂಟು ಯಾಕಲ್ಲ ಎಂದು ಕೇಳುವುದಿಲ್ಲ. ಒಂದು ಸರದಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಸುಮ್ಮನೆ ಕೂರಬೇಕು? ನೋವಿರುವ ಕಾಲಿಗೆ ಮಾತ್ರವೋ, ಎರಡಕ್ಕೂ ಹೌದೋ? ಬಲಗಾಲು ದುಡಿಯುವಾಗ ಎಡಗಾಲು ದಣಿವಾರಿಸಿಕೊಂಡಿತೆಂದು ಲೆಕ್ಕ ಹಿಡಿಯಬಹುದೇ? ಮಾತ್ರೆಯನ್ನು ಊಟಕ್ಕೆ ಮೊದಲೋ ಆಮೇಲೋ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುವ ನಾವು ವ್ಯಾಯಾಮದ ವಿಷಯದಲ್ಲಿ ಮಾತ್ರ ಏನನ್ನೂ ಕೇಳುವುದಿಲ್ಲ. ಆದರೆ ಈ ಲೆಕ್ಕವನ್ನೂ ಮನುಷ್ಯರೇ ಕಂಡುಹಿಡಿದದ್ದು. ಅದಕ್ಕೂ ಹುಟ್ಟಿದ ಊರಿದೆ, ಇಸವಿ ಇದೆ, ತಪ್ಪಿ ತಿದ್ದಿಕೊಂಡ ಕಥೆಯಿದೆ.

ಹಳೆಯ ವೈದ್ಯರಿಗೆ ಈ ಬಗೆಯ ಸಂಖ್ಯೆ ಬೇಕಿರಲಿಲ್ಲ. ವ್ಯಾಯಾಮವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಅವರು ದೇಹದ ಮೇಲೆಯೇ ಓದುತ್ತಿದ್ದರು. ಸುಶ್ರುತ ಸಂಹಿತೆ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡು ಎನ್ನುತ್ತದೆ. ಆ ಅರ್ಧ ತಲುಪಿದ್ದನ್ನು ಬೆವರು ಮತ್ತು ಉಸಿರಿನ ಗುರುತುಗಳಿಂದ ತಿಳಿಯಬೇಕು. ಹನ್ನೊಂದನೆಯ ಶತಮಾನದ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಗ್ರೀಕ್ ವೈದ್ಯ ಗ್ಯಾಲೆನ್‌ನ ದಾರಿಯಲ್ಲೇ ನಡೆದು, ಮೈಬಣ್ಣಕ್ಕೆ ಕಳೆ ಏರುತ್ತಿರುವವರೆಗೆ, ಅಂಗಾಂಗಗಳ ಚಲನೆ ಹಗುರವಾಗಿರುವವರೆಗೆ ಮುಂದುವರಿಸಬಹುದು, ಅದು ಇಳಿಯತೊಡಗಿದರೆ ನಿಲ್ಲಿಸಬೇಕು ಎಂದು ವಿವರಿಸಿದರು. ಯುನಾನಿ ಹಕೀಮರು ಇಂದಿಗೂ ವ್ಯಾಯಾಮವನ್ನು 'ರಿಯಾಜತ್' ಎಂದು ಕರೆಯುತ್ತಾರೆ. ಸಂಗೀತಗಾರರ ರಿಯಾಜ್ ಕೂಡ ಇದೇ ಬೇರಿನ ಪದ. ಎರಡು ಬೇರೆ ಬೇರೆ ವೈದ್ಯ ಪರಂಪರೆಗಳು ಒಂದು ಮಾತಿನಲ್ಲಿ ಕೂಡುತ್ತವೆ: ಅಳತೆ ಆಯಾ ವ್ಯಕ್ತಿಯದು. ಒಬ್ಬನ ಅರ್ಧ ಇನ್ನೊಬ್ಬನ ಅರ್ಧವಲ್ಲ.

ಎಣಿಕೆಗೆ ಗೌರವದ ಜಾಗ ಸಿಕ್ಕಿದ್ದು ಗರಡಿಯಲ್ಲಿ. ಇರಾನಿನ ಜೂರ್‌ಖಾನೆಗಳಲ್ಲಿ ಮುರ್ಷಿದ್ ಎತ್ತರದ ಪೀಠದ ಮೇಲೆ ಕುಳಿತು ಡೋಲು ಬಾರಿಸುತ್ತ ಹಾಡುತ್ತಾನೆ, ಕೆಳಗೆ ಪಹಲ್ವಾನರು ಆ ತಾಳಕ್ಕೆ ಮೀಲ್ ಎಂಬ ಮರದ ಗದೆಗಳನ್ನು ತಿರುಗಿಸುತ್ತಾರೆ. ಅಲ್ಲಿ 'ಸಂಗ್' ಎಂಬ ಒಂದು ಸಾಮು ಇದೆ. ಸಂಗ್ ಎಂದರೆ ಕಲ್ಲು. ಈಗ ಅದು ಬಾಗಿಲಿನ ಹಲಗೆಯಂಥ ಎರಡು ಭಾರವಾದ ಮರದ ಗುರಾಣಿ. ಅಂಗಾತ ಮಲಗಿ ಎರಡನ್ನೂ ಒಟ್ಟಿಗೆ ಎತ್ತುವುದೊಂದು ರೀತಿ. ಆ ಮಗ್ಗುಲಿಗೂ ಈ ಮಗ್ಗುಲಿಗೂ ಹೊರಳುತ್ತ ಒಂದೊಂದೇ ಕೈಯಿಂದ ಎತ್ತುವುದು ಇನ್ನೊಂದು ರೀತಿ. ಪಕ್ಕದಲ್ಲಿ ಒಬ್ಬ ಗಟ್ಟಿಯಾಗಿ ಎಣಿಸುತ್ತಾನೆ, ಸಂಖ್ಯೆಯ ಜೊತೆಗೆ ದೇವರ ಮತ್ತು ಪುಣ್ಯಪುರುಷರ ಹೆಸರನ್ನು ಪೋಣಿಸುತ್ತಾನೆ. ಹಾಗಾಗಿ ಎಣಿಕೆ ಅಲ್ಲಿ ಒಂದು ಬಗೆಯ ಜಪವೂ ಹೌದು. ಯುನೆಸ್ಕೋ 2010ರಲ್ಲಿ ಈ ಆಚರಣೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಗರಡಿಗಳಲ್ಲಿ ದಂಡ, ಬಸ್ಕಿಗಳ ಲೆಕ್ಕ ನೂರರಲ್ಲಿ, ಸಾವಿರದಲ್ಲಿ ನಡೆಯುತ್ತಿತ್ತು. ಗಾಮಾ ಪಹಲ್ವಾನ್ ಎಂದು ಲೋಕವೆಲ್ಲ ಕರೆದ ಗುಲಾಮ್ ಮುಹಮ್ಮದ್ ಬಕ್ಷ್ ಮೊದಲು ಹೆಸರು ಮಾಡಿದ್ದೇ ಬಸ್ಕಿಯ ಲೆಕ್ಕದಿಂದ. 1888ರಲ್ಲಿ ಜೋಧಪುರದ ಮಹಾರಾಜ ಏರ್ಪಡಿಸಿದ್ದ ಪಂದ್ಯದಲ್ಲಿ ನಾನೂರಕ್ಕೂ ಹೆಚ್ಚು ಪೈಲ್ವಾನರು ಬಸ್ಕಿ ಹೊಡೆಯುತ್ತ ಒಬ್ಬೊಬ್ಬರಾಗಿ ಹಿಂದೆ ಸರಿದರಂತೆ. ಕೊನೆಗೆ ಉಳಿದ ಹದಿನೈದು ಮಂದಿಯಲ್ಲಿ ಹತ್ತು ವರ್ಷದ ಗಾಮಾ ಒಬ್ಬನಾಗಿದ್ದನೆಂದೂ, ಹುಡುಗನ ವಯಸ್ಸು ನೋಡಿ ಮಹಾರಾಜ ಅವನನ್ನೇ ಗೆದ್ದವನೆಂದು ಸಾರಿದನೆಂದೂ ಕಥೆ. ಗಾಮಾ ಸಣ್ಣ ಆಳಲ್ಲ, 1910ರಲ್ಲಿ ಲಂಡನ್ನಿಗೆ ಹೋಗಿ ಯುರೋಪಿನ ಮಲ್ಲರ ಎದುರು ನಿಂತವನು. ಆದರೆ ಆ ಪಂದ್ಯದಲ್ಲಿ ಸೋತು ಕೂತ ಉಳಿದವರ ಮೊಣಕಾಲುಗಳು ಮರುದಿನ ಹೇಗಿದ್ದವೆಂದು ಯಾವ ಕಥೆಯೂ ಹೇಳುವುದಿಲ್ಲ. ಎಣಿಕೆ ಮರ್ಯಾದೆಯ ವಿಷಯವಾದಾಗ ವಿಶ್ರಾಂತಿ ಅವಮಾನವಾಗುತ್ತದೆ. ಶಾಲೆಯಲ್ಲಿ ಮೇಷ್ಟ್ರು ಹೊಡೆಸುತ್ತಿದ್ದ ಐವತ್ತು ಬಸ್ಕಿಯೂ ಇದೇ ಲೆಕ್ಕದ ಇನ್ನೊಂದು ಮುಖ. ಒಂದು ಕಡೆ ಬಹುಮಾನ, ಇನ್ನೊಂದು ಕಡೆ ಶಿಕ್ಷೆ. ಎರಡರಲ್ಲೂ ಸಂಖ್ಯೆಯನ್ನು ನಿಗದಿ ಮಾಡಿದವನು ಬೇರೆ, ಕಾಲು ನೋಯಿಸಿಕೊಂಡವನು ಬೇರೆ.

ವಿಶ್ರಾಂತಿಯನ್ನು ಮೊದಲ ಬಾರಿಗೆ ಶ್ರದ್ಧೆಯಿಂದ ಅಳೆದವರಲ್ಲಿ ಇಟಲಿಯ ಟ್ಯೂರಿನ್ ನಗರದ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ ಮುಖ್ಯರು. ಅವರು ಅಳೆಯಲು ಹೊರಟದ್ದು ಇಡೀ ದೇಹವನ್ನಲ್ಲ, ಒಂದು ಬೆರಳನ್ನು. ಮೇಜಿನ ಮೇಲೆ ಮುಂಗೈಯನ್ನು ಅಲುಗದಂತೆ ಕಟ್ಟಿ, ಅಕ್ಕಪಕ್ಕದ ಬೆರಳುಗಳನ್ನು ಲೋಹದ ಕೊಳವೆಗಳೊಳಗೆ ತೂರಿಸಿ, ನಡುಬೆರಳಿಗೆ ದಾರದಿಂದ ತೂಕ ಕಟ್ಟುತ್ತಿದ್ದರು. ತಾಳಯಂತ್ರ ಎರಡು ಸೆಕೆಂಡಿಗೊಮ್ಮೆ ಟಕ್ ಎನ್ನುತ್ತಿದ್ದಂತೆ ಬೆರಳು ಮಡಚಿ ತೂಕವನ್ನು ಎಳೆಯಬೇಕು. ಒಂದೊಂದು ಎಳೆತವೂ ಮಸಿ ಹಿಡಿಸಿದ ಕಾಗದದ ಮೇಲೆ ಒಂದೊಂದು ಗೆರೆಯಾಗಿ ಮೂಡುತ್ತಿತ್ತು. ಗೆರೆಗಳು ಮೊದಲು ಎತ್ತರ, ಬರಬರುತ್ತ ಗಿಡ್ಡ, ಕೊನೆಗೆ ಬೆರಳು ಅಲುಗುವುದೇ ಇಲ್ಲ. ಎರ್ಗೋಗ್ರಾಫ್ ಎಂಬ ಈ ಉಪಕರಣದ ಪ್ರಯೋಗಗಳನ್ನು ಮೊಸ್ಸೊ 1891ರಲ್ಲಿ ಪ್ರಕಟಿಸಿದ 'ಲಾ ಫತೀಕಾ', ಅಂದರೆ 'ದಣಿವು', ಎಂಬ ಪುಸ್ತಕದಲ್ಲಿ ವಿವರಿಸಿದರು.

ಅವರ ಸಹೋದ್ಯೋಗಿ ಮಜ್ಜೋರಾ ಕಂಡುಕೊಂಡದ್ದು ಇಂದಿಗೂ ಓದಿ ಬೆರಗಾಗುವಂಥದು. ಸುಮಾರು 30 ಸಲ ಎಳೆದು ಬೆರಳು ಪೂರ್ತಿ ಸೋತ ಮೇಲೆ ಅದು ಮೊದಲಿನ ಸ್ಥಿತಿಗೆ ಬರಲು ಎರಡು ಗಂಟೆ ಬೇಕಾಯಿತು. ಅರ್ಧಕ್ಕೆ, ಅಂದರೆ 15 ಸಲಕ್ಕೆ ನಿಲ್ಲಿಸಿದರೆ ಒಂದು ಗಂಟೆ ಸಾಕಾಗಬೇಕಲ್ಲವೇ? ಸಾಕಾದದ್ದು ಅರ್ಧ ಗಂಟೆ. ಕೆಲಸ ಅರ್ಧವಾದರೆ ಬೇಕಾದ ವಿಶ್ರಾಂತಿ ಕಾಲು ಭಾಗಕ್ಕೆ ಇಳಿಯಿತು. ಕೊನೆಯ ಕೆಲವು ಎಳೆತಗಳ ಬೆಲೆ ಮೊದಲಿನವುಗಳಿಗಿಂತ ಬಹಳ ದುಬಾರಿ ಎಂದಾಯಿತು. ಆರು ಕಿಲೋ ತೂಕವಿದ್ದರೂ ಪ್ರತಿ ಎಳೆತದ ನಡುವೆ ಹತ್ತು ಸೆಕೆಂಡು ಬಿಟ್ಟರೆ ಬೆರಳಿಗೆ ದಣಿವೇ ಕಾಣುತ್ತಿರಲಿಲ್ಲ. ಸುಶ್ರುತ ಸಂಹಿತೆಯ ಅರ್ಧಶಕ್ತಿಯ ಮಾತಿಗೆ ಟ್ಯೂರಿನ್ನಿನ ಬೆರಳೊಂದು ಕೊಟ್ಟ ಸಾಕ್ಷಿಯಂತೆ ಇದು ಕಾಣುತ್ತದೆ. ಮೊಸ್ಸೊ ಇದನ್ನು ಪ್ರಯೋಗಶಾಲೆಗೆ ಸೀಮಿತವಾಗಿ ನೋಡಲಿಲ್ಲ. ದಣಿದ ಸ್ನಾಯುವಿನಿಂದ ತೆಗೆಸಿದ ಸ್ವಲ್ಪ ಕೆಲಸವೂ ದಣಿಯದ ಸ್ನಾಯುವಿನ ದೊಡ್ಡ ಕೆಲಸಕ್ಕಿಂತ ಹೆಚ್ಚು ಹಾನಿ ಮಾಡುತ್ತದೆಂಬ ಅವರ ಮಾತು, ಮುಂದೆ ಕಾರ್ಖಾನೆಗಳ ದುಡಿಮೆಯ ಅವಧಿಯ ಕುರಿತ ಚರ್ಚೆಗಳಿಗೂ ಒದಗಿತು.

ಒಂದು ಬೆರಳು ದಣಿದರೆ ಇನ್ನೊಂದು ಕೈಯ ಬೆರಳಿಗೇನಾಗುತ್ತದೆ? ಇಂಥದೇ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ಕೇಳಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಸ್ಕ್ರಿಪ್ಚರ್. 1894ರಲ್ಲಿ ಅವರೂ ಅವರ ಪ್ರಯೋಗಶಾಲೆಯಲ್ಲಿ ದುಡಿಯುತ್ತಿದ್ದ ಥಿಯೊಡೇಟ್ ಸ್ಮಿತ್ ಮತ್ತು ಎಮಿಲಿ ಬ್ರೌನ್ ಎಂಬ ಇಬ್ಬರು ಮಹಿಳೆಯರೂ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮೊದಲ ದಿನ ಎಮಿಲಿ ಬ್ರೌನ್ ಅವರ ಎರಡೂ ಕೈಗಳ ಹಿಡಿತದ ಬಲವನ್ನು ಅಳೆದರು. ಆಮೇಲೆ ದಿನವೂ ಅಭ್ಯಾಸ ಮಾಡಿದ್ದು ಬಲಗೈ ಮಾತ್ರ. ಎಡಗೈಗೆ ಪೂರ್ತಿ ರಜೆ. ಕೊನೆಯ ದಿನ ಮತ್ತೆ ಅಳೆದಾಗ ಬಲಗೈಯ ಬಲ ಸುಮಾರು 70 ಪ್ರತಿಶತ ಹೆಚ್ಚಿತ್ತು. ಅದು ನಿರೀಕ್ಷಿತವೇ. ಏನೂ ಮಾಡದೆ ಕೂತಿದ್ದ ಎಡಗೈಯ ಬಲವೂ ಸುಮಾರು 43 ಪ್ರತಿಶತ ಏರಿತ್ತು.

ಒಬ್ಬರ ಮೇಲೆ ಮಾಡಿದ ಪ್ರಯೋಗದ ಅಂಕಿಯನ್ನು ಹಾಗೆಯೇ ನಂಬಬಾರದು, ನಿಜ. ಮುಂದಿನ ನೂರು ವರ್ಷಗಳಲ್ಲಿ ಹಲವರು ಇದನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಅಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಗಳಲ್ಲಿ, 2004ರದು ವಿರಮಿಸಿದ ಅಂಗದ ಬಲ ಸರಾಸರಿ 8 ಪ್ರತಿಶತ, 2017ರದು ಸುಮಾರು 12 ಪ್ರತಿಶತ ಹೆಚ್ಚುತ್ತದೆ ಎಂದಿವೆ. ಅಂಕಿ ಚಿಕ್ಕದಾಯಿತು, ಸಂಗತಿ ಉಳಿಯಿತು. ವಿರಮಿಸಿದ ಅಂಗದ ಸ್ನಾಯು ದಪ್ಪವಾಗುವುದಿಲ್ಲ. ಬದಲಾಗುವುದು ಅದಕ್ಕೆ ಅಪ್ಪಣೆ ಕೊಡುವ ಮೆದುಳು ಮತ್ತು ನರಗಳ ವ್ಯವಸ್ಥೆ. ಬಲವೆಂದರೆ ಮಾಂಸದ ಗಾತ್ರವಷ್ಟೇ ಎಂದು ತಿಳಿದಿದ್ದವರಿಗೆ ಇದು ಹೊಸ ಪಾಠ. ಕೈ ದುಡಿಯುತ್ತಿದ್ದಾಗ ಕಲಿಯುತ್ತಿದ್ದುದು ತಲೆ, ತಲೆ ಎರಡೂ ಕೈಗಳಿಗೆ ಒಂದೇ.

ಇನ್ನು 'ಹತ್ತು'. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ಸೇನಾ ಆಸ್ಪತ್ರೆಗಳು ಕಾಲು ಮುರಿದ, ಮೊಣಕಾಲು ಜಖಂಗೊಂಡ ಸೈನಿಕರಿಂದ ತುಂಬಿದ್ದವು. ತಿಂಗಳುಗಟ್ಟಲೆ ಪ್ಲಾಸ್ಟರಿನೊಳಗಿದ್ದು ಹೊರಬಂದ ತೊಡೆ ಕೋಲಿನಂತಾಗಿರುತ್ತಿತ್ತು. ಆಗಿನ ಪದ್ಧತಿಯಂತೆ ಅವರಿಗೆ ಹಗುರ ತೂಕ ಕೊಟ್ಟು ನೂರಾರು ಸಲ ಎತ್ತಿಸುತ್ತಿದ್ದರು. ಬಲ ಬರುತ್ತಿರಲಿಲ್ಲ, ಹಾಸಿಗೆ ಖಾಲಿಯಾಗುತ್ತಿರಲಿಲ್ಲ. ಷಿಕಾಗೋದಲ್ಲಿ ಸರೋವರದ ದಂಡೆಯ ಹೋಟೆಲೊಂದನ್ನು ಸೇನೆ ಗಾರ್ಡಿನರ್ ಜನರಲ್ ಆಸ್ಪತ್ರೆಯಾಗಿ ಮಾಡಿಕೊಂಡಿತ್ತು. ಅಲ್ಲಿಗೆ ಬಂದ ತರುಣ ವೈದ್ಯ ಥಾಮಸ್ ಡೆಲಾರ್ಮ್ ಹುಡುಗನಾಗಿದ್ದಾಗ ರುಮ್ಯಾಟಿಕ್ ಜ್ವರದಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದವನು. ಇನ್ನು ಮೈದಣಿಯುವ ಕೆಲಸ ಮಾಡಬೇಡ ಎಂದು ವೈದ್ಯರು ಹೇಳಿದ್ದರೂ, ಎದ್ದ ಮೇಲೆ ಭಾರ ಎತ್ತಿಯೇ ಮೈ ಗಟ್ಟಿ ಮಾಡಿಕೊಂಡಿದ್ದವನು. ತನ್ನ ಮೇಲೆ ನಡೆದದ್ದು ಈ ಸೈನಿಕರ ಮೇಲೆ ಯಾಕೆ ನಡೆಯಬಾರದೆಂದು ಅವನು ಕೇಳಿದ.

ಉಪಕರಣ ಸರಳ: ಒಂದು ಕಬ್ಬಿಣದ ಬೂಟು. ರೋಗಿಯನ್ನು ಮೇಜಿನ ಅಂಚಿನಲ್ಲಿ ಕೂರಿಸಿ, ಸೊರಗಿದ ಕಾಲಿಗೆ ಅದನ್ನು ಕಟ್ಟಿ, ಬೂಟಿಗೆ ತೂಕದ ಬಿಲ್ಲೆಗಳನ್ನು ಸೇರಿಸಿ, ಮೊಣಕಾಲು ನೇರ ಮಾಡಿಸುವುದು. ಒಂದು ಸಲಕ್ಕೆ ಒಂದೇ ಕಾಲು. ಆ ಕಾಲು ಹತ್ತು ಸಲ ಎತ್ತಬಲ್ಲ, ಹನ್ನೊಂದನೆಯದನ್ನು ಎತ್ತಲಾರದ ತೂಕ ಯಾವುದೆಂದು ಹುಡುಕುವುದು. ವಾರಕ್ಕೊಮ್ಮೆ ಆ ತೂಕವನ್ನು ಮತ್ತೆ ಪರೀಕ್ಷಿಸಿ ಏರಿಸುವುದು. ಇಲ್ಲಿ ಲೆಕ್ಕ ತಿರುಗಿ ನಿಂತಿತು. ಗರಡಿಯಲ್ಲಿ ತೂಕ ಅಷ್ಟೇ ಇದ್ದು ಸಂಖ್ಯೆ ಬೆಳೆಯುತ್ತಿತ್ತು. ಡೆಲಾರ್ಮನ ಆಸ್ಪತ್ರೆಯಲ್ಲಿ ಸಂಖ್ಯೆ ಹತ್ತರಲ್ಲೇ ನಿಂತು ತೂಕ ಬೆಳೆಯಿತು. ಹೆಚ್ಚು ಸಲ, ಕಡಿಮೆ ಭಾರ ಎಂದರೆ ತಾಳಿಕೆ ಬರುತ್ತದೆ. ಕಡಿಮೆ ಸಲ, ಹೆಚ್ಚು ಭಾರ ಎಂದರೆ ಬಲ ಬರುತ್ತದೆ ಎಂದು ಅವನು 1945ರ ಲೇಖನದಲ್ಲಿ ವಾದಿಸಿದ.

ಆದರೆ ಆಗಲೂ ಒಂದು ಹೊತ್ತಿಗೆ ಏಳರಿಂದ ಹತ್ತು ಸರದಿ, ಅಂದರೆ ಒಟ್ಟು 70ರಿಂದ 100 ಸಲ ಎತ್ತಿಸುತ್ತಿದ್ದ. ಮೂರು ವರ್ಷಗಳ ಅನುಭವದ ಮೇಲೆ ಅದು ಅತಿಯಾಯಿತೆಂದು ಅವನಿಗೇ ಅನ್ನಿಸಿತು. 1948ರಲ್ಲಿ ಆರ್ಥರ್ ವಾಟ್ಕಿನ್ಸ್ ಜೊತೆ ಸೇರಿ ಲೆಕ್ಕವನ್ನು ಮೂರು ಸರದಿಗೆ ಇಳಿಸಿದ: ಮೊದಲ ಹತ್ತು ಅರ್ಧ ತೂಕದಲ್ಲಿ, ಎರಡನೆಯ ಹತ್ತು ಮುಕ್ಕಾಲು ತೂಕದಲ್ಲಿ, ಮೂರನೆಯ ಹತ್ತು ಪೂರ್ತಿ ತೂಕದಲ್ಲಿ. ನಮ್ಮ ಚೀಟಿಯ 'ಹತ್ತು ಸಲ, ಮೂರು ಸರದಿ' ಎಂಬ ಮಾತಿನ ಮೂಲ ಇದು. ಚೀಟಿಗೆ ಬರುವಷ್ಟರಲ್ಲಿ ಅರ್ಧ, ಮುಕ್ಕಾಲು, ಪೂರ್ತಿ ಎಂಬ ಮುಖ್ಯ ಭಾಗ ಉದುರಿಹೋಗಿ ಬರೀ ಅಂಕಿ ಉಳಿಯಿತು. ವಾರಕ್ಕೊಮ್ಮೆ ಅಳೆದು ಏರಿಸಬೇಕೆಂಬುದೂ ಉದುರಿತು. ಹಾಗಾಗಿಯೇ ತಿಂಗಳಾನುಗಟ್ಟಲೆ ಅದೇ ಹತ್ತನ್ನು ಮಾಡಿ, ಏನೂ ಗುಣವಿಲ್ಲವೆಂದು ಬಿಡುವವರು ನಮ್ಮಲ್ಲಿ ಇದ್ದಾರೆ.

ಹತ್ತು ಮಂತ್ರಸಂಖ್ಯೆಯೇನಲ್ಲವೆಂದು ಮುಂದಿನವರು ಬೇಗ ತೋರಿಸಿದರು. 1951ರಲ್ಲಿ ಆಕ್ಸ್‌ಫರ್ಡಿನ ಜಿನೋವಿಯೆಫ್ ಅನುಕ್ರಮವನ್ನೇ ತಲೆಕೆಳಗು ಮಾಡಿದರು: ಪೂರ್ತಿ ತೂಕ ಮೊದಲು, ದಣಿವು ಏರಿದಂತೆ ತೂಕ ಇಳಿಕೆ. ಕೊನೆಗೆ ಭಾರ ಬಂದರೆ ದಣಿದ ರೋಗಿ ಎತ್ತಲಾರ ಎಂಬುದು ಅವರ ಅನುಭವ. 1962ರಲ್ಲಿ ರಿಚರ್ಡ್ ಬರ್ಗರ್ ಒಂದು, ಎರಡು, ಮೂರು ಸರದಿಗಳನ್ನೂ ಎರಡು, ಆರು, ಹತ್ತು ಸಲಗಳನ್ನೂ ಬೆರೆಸಿ ಹನ್ನೆರಡು ವಾರ ಪರೀಕ್ಷಿಸಿದಾಗ ಮುಂದೆ ನಿಂತದ್ದು ಆರು ಸಲದ ಮೂರು ಸರದಿ. ಹತ್ತು ಎಂಬುದು ಒಂದು ಒಳ್ಳೆಯ ಆರಂಭ ಮಾತ್ರ.

ಈಗ ವಿಶ್ರಾಂತಿಯ ಪ್ರಶ್ನೆ. ಬಲಗಾಲು ದುಡಿಯುವಾಗ ಎಡಗಾಲಿಗೆ ಆದದ್ದು ವಿಶ್ರಾಂತಿಯೇ? 1966ರಲ್ಲಿ ಸ್ವೀಡನ್ನಿನ ಯೋನಸ್ ಬರ್ಗ್‌ಸ್ಟ್ರಮ್ ಮತ್ತು ಎರಿಕ್ ಹಲ್ಟ್‌ಮನ್ ಎಂಬ ವೈದ್ಯರು ತಮ್ಮ ಕಾಲುಗಳನ್ನೇ ಪ್ರಯೋಗಕ್ಕೆ ಒಡ್ಡಿದರು. ಒಂದೇ ವ್ಯಾಯಾಮದ ಸೈಕಲ್ಲಿನ ಆ ಪಕ್ಕ ಒಬ್ಬರು, ಈ ಪಕ್ಕ ಒಬ್ಬರು ಕುಳಿತು, ತಲಾ ಒಂದೊಂದು ಕಾಲಿನಿಂದ ಸೋಲುವವರೆಗೆ ತುಳಿದರು. ತೊಡೆಗೆ ಸೂಜಿ ಚುಚ್ಚಿ ತೆಗೆದ ಸ್ನಾಯುವಿನ ಚೂರುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಅಳೆದರು. ದುಡಿದ ಕಾಲಿನ ಉಗ್ರಾಣ ಹೆಚ್ಚುಕಡಿಮೆ ಬರಿದಾಗಿತ್ತು, ಕೂತ ಕಾಲಿನದು ತುಂಬಿತ್ತು. ಮೂರು ದಿನ ಅನ್ನ, ಹಿಟ್ಟಿನಂಥ ಪಿಷ್ಟದ ಆಹಾರ ಹೆಚ್ಚಾಗಿ ತಿಂದ ಮೇಲೆ ನೋಡಿದರೆ ದುಡಿದ ಕಾಲಿನ ದಾಸ್ತಾನು ಕೂತ ಕಾಲಿನ ಎರಡರಷ್ಟಾಗಿತ್ತು. ಅದೇ ಬಾಯಿ, ಅದೇ ರಕ್ತ, ಆದರೂ ದುಡಿದ ಕಾಲಿಗೆ ಮಾತ್ರ ಹೆಚ್ಚು ಪಾಲು.

ಯೇಲ್ ಮತ್ತು ಸ್ವೀಡನ್ನಿನ ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟರೆ ನಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಕಲಿಕೆ ಆಚೆಯ ಅಂಗಕ್ಕೂ ದಾಟುತ್ತದೆ. ಕೂಲಿ ದಾಟುವುದಿಲ್ಲ, ದುಡಿದವನಿಗೇ ಸಲ್ಲುತ್ತದೆ. ಎಡಗಾಲಿನ ಸರದಿ ನಡೆಯುವಾಗ ಬಲಗಾಲಿನ ಸ್ನಾಯು ತನ್ನ ತಕ್ಷಣದ ಇಂಧನವಾದ ಫಾಸ್ಫೋಕ್ರಿಯೇಟಿನನ್ನು ಮರಳಿ ತುಂಬಿಸಿಕೊಳ್ಳುತ್ತದೆ. ಅದರ ದೊಡ್ಡ ಪಾಲು ಮೊದಲ ಒಂದೆರಡು ನಿಮಿಷದಲ್ಲೇ, ಉಳಿದದ್ದು ಇನ್ನೂ ಕೆಲವು ನಿಮಿಷಗಳಲ್ಲಿ. ಆ ಮಟ್ಟಿಗೆ ಅದು ವಿಶ್ರಾಂತಿಯೇ. ಆದರೆ ಎದೆಬಡಿತ, ಉಸಿರು, ಗಮನ ಎರಡು ಕಾಲಿಗೂ ಸೇರಿದವು, ಅವು ವಿರಮಿಸಿಲ್ಲ. ಅದಕ್ಕೇ ಬಲ, ಎಡ ಎರಡೂ ಮುಗಿದ ಮೇಲೆ ಒಂದೆರಡು ನಿಮಿಷ ಸುಮ್ಮನೆ ಕೂರುವುದು ಸೋಮಾರಿತನವಲ್ಲ. 2016ರ ಒಂದು ಅಧ್ಯಯನದಲ್ಲಿ ಸರದಿಗಳ ನಡುವೆ ಒಂದು ನಿಮಿಷ ಬಿಟ್ಟವರಿಗಿಂತ ಮೂರು ನಿಮಿಷ ಬಿಟ್ಟವರಿಗೆ ಹೆಚ್ಚು ಬಲ ಬಂತು. ಗಡಿಬಿಡಿಯಲ್ಲಿ ಮೂವತ್ತನ್ನು ಮುಗಿಸಿ ಎದ್ದವರು ಬೆವರನ್ನು ಗಳಿಸುತ್ತಾರೆ, ಬಲವನ್ನು ಅಷ್ಟಾಗಿ ಗಳಿಸುವುದಿಲ್ಲ.

ಇದೆಲ್ಲ ಆರೋಗ್ಯವಂತ ತರುಣರ ಜಿಮ್ಮಿನ ಮಾತೆಂದು ತಳ್ಳಿಹಾಕುವಂತಿಲ್ಲ. ಡೆಲಾರ್ಮ್ 1948ರಲ್ಲೇ ತನ್ನ ವಿಧಾನವನ್ನು ಪೋಲಿಯೋ ರೋಗಿಗಳ ತೊಡೆಯ ಸ್ನಾಯುಗಳ ಮೇಲೆ ಪ್ರಯೋಗಿಸಿದ್ದ. ಭಾರತ ಪೋಲಿಯೋದಿಂದ ಮುಕ್ತವೆಂದು 2014ರ ಮಾರ್ಚಿನಲ್ಲಿ ಘೋಷಣೆಯಾಯಿತು. ಆದರೆ ಅದಕ್ಕೆ ಮೊದಲು ರೋಗ ತಗುಲಿದವರು, ಒಂದು ಕಾಲು ಸಣ್ಣದಾಗಿ ಉಳಿದವರು, ಈಗ ನಡುವಯಸ್ಸು ದಾಟಿ ನಮ್ಮ ನಡುವೆ ಇದ್ದಾರೆ. ಇವರಿಗೆ ಅತಿಯಾದ ಎಣಿಕೆ ಎಷ್ಟು ಅಪಾಯವೋ ಎಣಿಕೆಯೇ ಇಲ್ಲದಿರುವುದೂ ಅಷ್ಟೇ ಅಪಾಯ. ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದರೆ ನಾವು ಬಿದ್ದ ಕೈಯನ್ನು ತಿಕ್ಕುತ್ತೇವೆ, ಇರುವ ಕೈಯನ್ನು ಮರೆಯುತ್ತೇವೆ. 2013ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ, ಲಕ್ವದಿಂದ ಒಂದು ಬದಿ ಸೋತವರಿಗೆ ಆರು ವಾರ ಕಾಲ ಅಭ್ಯಾಸ ಮಾಡಿಸಿದ್ದು ಕಡಿಮೆ ಪೆಟ್ಟಾದ ಕಾಲಿಗೆ. ಪಾದ ಮೇಲೆತ್ತುವ ಶಕ್ತಿ ಸೋತ ಕಾಲಿನಲ್ಲೂ ಹೆಚ್ಚಿತು. ಅದೇ ವರ್ಷದ ಇನ್ನೊಂದು ಅಧ್ಯಯನ ಐವತ್ತು ದಾಟಿದ, ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ ಹೆಂಗಸರದು. ಮುರಿಯದ ಕೈಗೆ ಹಿಡಿತದ ಅಭ್ಯಾಸ ಮಾಡಿಸಿದ ಗುಂಪಿನವರ ಮುರಿದ ಕೈ ಹನ್ನೆರಡನೆಯ ವಾರಕ್ಕೆ ಹೆಚ್ಚು ಬಲವಾಗಿತ್ತು. ಇಪ್ಪತ್ತಾರನೆಯ ವಾರಕ್ಕೆ ಎರಡು ಗುಂಪುಗಳ ವ್ಯತ್ಯಾಸ ಅಳಿಸಿಹೋಗಿತ್ತೆಂಬುದನ್ನೂ ಹೇಳಬೇಕು. ಆದರೆ ಒಲೆ, ಬಟ್ಟೆ, ಮೊಮ್ಮಕ್ಕಳನ್ನು ನಂಬಿಸಿಕೊಂಡಿರುವ ಹೆಂಗಸಿಗೆ ಬೇಗ ಬಂದ ಕೈ ಸಣ್ಣ ಲಾಭವಲ್ಲ.

ಮನೆಯಲ್ಲಿ ಇದನ್ನು ಪಾಲಿಸುವುದು ಕಷ್ಟವೇನಲ್ಲ. ಹೃದಯದ ತೊಂದರೆ, ರಕ್ತದೊತ್ತಡ ಇರುವವರು, ಪೋಲಿಯೋ ಬಂದುಹೋದವರು ತೂಕವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಎರಡೂ ಕಾಲುಗಳಿಂದ ಮಾಡುವುದಾದರೆ ದುರ್ಬಲ ಕಾಲಿನಿಂದ ಆರಂಭಿಸುವುದು ರೂಢಿ, ಮೈಯಲ್ಲಿ ದಣಿವಿಲ್ಲದ ಹೊತ್ತು ಅದಕ್ಕೆ ಸಿಗಲಿ ಎಂದು. ಅದು ಆರಕ್ಕೆ ಸೋತರೆ ಬಲವಾದ ಕಾಲಿನದೂ ಆರೇ. ಬಲಿಷ್ಠ ಕಾಲು ಹದಿನೈದು ಹೊಡೆಯಬಲ್ಲದೆಂದು ಓಡಬಿಟ್ಟರೆ ಎರಡರ ನಡುವಿನ ಅಂತರ ಬೆಳೆಯುತ್ತದೆ. ಒಂದು ಕಾಲಿಗೆ ಪೂರ್ತಿ ವಿರಾಮವೇ ಬೇಕೆಂದಿದ್ದರೆ ಇನ್ನೊಂದನ್ನು ಕೂರಿಸಬೇಕಾಗಿಲ್ಲ. ಅದು ಇಬ್ಬರ ಪರವಾಗಿ ಪಾಠ ಕಲಿಯಬಲ್ಲದು.

ಹಕೀಮರೂ ವೈದ್ಯರೂ ಹಿಂದೆ ಮೈಬಣ್ಣ ನೋಡಿ, ಬೆವರು ನೋಡಿ ನಿಲ್ಲಿಸು ಎಂದರು. ಗರಡಿ ಇನ್ನೂ ಒಂದು ಎಂದಿತು. ಡೆಲಾರ್ಮ್ ಮೊದಲು ನೂರರವರೆಗೆ ಹೋಗಿ, ರೋಗಿಗಳನ್ನು ನೋಡಿ ಮೂವತ್ತಕ್ಕೆ ಇಳಿದ. ಈ ಚರಿತ್ರೆಯಲ್ಲಿ ನಮಗೆ ಹೆಚ್ಚು ಬೇಕಾದದ್ದು ಆ ಇಳಿತ. ಗೋಡೆಗೆ ಸಿಕ್ಕಿಸಿದ ಚೀಟಿಯಲ್ಲಿ ಹತ್ತು ಎಂದಿದ್ದರೂ ಏಳನೆಯದಕ್ಕೆ ಕಾಲು ನಡುಗಿದರೆ ಇಂದಿನ ಲೆಕ್ಕ ಏಳು. ಮುಂದಿನ ವಾರ ಮತ್ತೆ ಅಳೆದು ನೋಡಬೇಕು.